ಮೂರು ಮಾತ್ರೆಯ ಗುಮಾಸ್ತ

ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಅಕ್ಕ ಒಲೆ ಆರಿಸಿ, ಕೈ ಒರೆಸಿಕೊಂಡ ಮೇಲೆಯೇ ಎತ್ತಿದಳು. ಎಂಥ ಸುದ್ದಿಯಾದರೂ ಒದ್ದೆ ಕೈಯಲ್ಲಿ ಕೇಳಬಾರದೆಂಬುದು ಅವಳ ಶಿಸ್ತು. ಹಿಂದಿನ ಸಂಜೆ ತಲೆನೋವೆಂದು ಸೇರಿದ್ದ ತಮ್ಮ ಹೋಗಿಬಿಟ್ಟಿದ್ದ. ತಲೆಯೊಳಗೆ ರಕ್ತ ಸೋರಿತ್ತಂತೆ.

ಸಾಯುವ ಹಾಗೆ ಬದುಕಿದ್ದಾಗ ಸಾಯದವನು, ನೆಟ್ಟಗೆ ಬದುಕತೊಡಗಿದ ಮೂರನೆಯ ತಿಂಗಳಿಗೆ ಸತ್ತ.

ಮೂವತ್ತು ವರ್ಷ ಅವನು ಧಾನ್ಯದ ಗೋದಾಮುಗಳಲ್ಲಿ ಹುಳಕ್ಕೆ ಔಷಧಿ ಹೊಡೆದಿದ್ದ. ಬೆನ್ನಿಗೆ ಡಬ್ಬಿ, ಕೈಯಲ್ಲಿ ಕೊಳವೆ. ಮೂಗಿಗೆ ಕಟ್ಟಬೇಕಾದ ಬಟ್ಟೆ ಸದಾ ಕುತ್ತಿಗೆಯಲ್ಲಿ. ಮನೆಗೆ ಅವನಿಗಿಂತ ಮೊದಲು ಅವನ ವಾಸನೆ ಬಂದು ಕೂರುತ್ತಿತ್ತು.

“ಜೀವ ತೆಗೆದು ತಿನ್ನೋ ಅನ್ನ ಕಣೋ ಅದು” ಎನ್ನುತ್ತಿದ್ದಳು ಅಕ್ಕ.

“ಹುಳಕ್ಕೆ ಜೀವ ಕೊಟ್ಟ ದೇವರೇ ನನಗೆ ಹೊಟ್ಟೆ ಕೊಟ್ಟಿರೋದು. ಯಾರ ಪರ ಅಂತ ಅವನನ್ನೇ ಕೇಳು. ನಿನಗೆ ಹೇಗೂ ಪರಿಚಯ.”

ಆರು ವರ್ಷದ ಹಿಂದೆ ಅವನ ಹೃದಯದ ಕವಾಟ ಬದಲಾಯಿಸಿದರು. ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಮಾತ್ರೆ. ಬೇರೆಯವರಿಗೆ ಒಂದು ಸಾಕಾದದ್ದು ಇವನಿಗೆ ಮೂರಾದರೆ ಮಾತ್ರ ಹಿಡಿಯುತ್ತಿತ್ತು. ಅದೇ ಅವನ ಜಂಬ.

“ಅಕ್ಕಾ, ಇದು ಇಲಿ ಪಾಷಾಣದ ಜಾತಿಯ ಮಾತ್ರೆಯಂತೆ! ನಾನು ಇಲಿಗೆ ಇಡ್ತೀನಿ, ಡಾಕ್ಟರು ನನಗೆ ಇಡ್ತಾರೆ. ನನ್ನದು ಕಬ್ಬಿಣದ ಹೊಟ್ಟೆ, ಮೂರಕ್ಕೂ ಜಗ್ಗಲ್ಲ.”

ಆಗ ಆಸ್ಪತ್ರೆಯ ಅರ್ಜಿ ತುಂಬಿದವಳು ಅವನ ಹೆಂಡತಿಯಲ್ಲ, ಅಕ್ಕ. ಉದ್ಯೋಗದ ಸಾಲಿಗೆ ಬಂದಾಗ, ವಿಷ ಹೊಡೆಯುವವನು ಎಂದು ಬರೆಯಲು ಪೆನ್ನು ಏಳಲಿಲ್ಲ. ಮನೆತನದ ಮರ್ಯಾದೆ. ‘ಗೋದಾಮಿನ ಗುಮಾಸ್ತ’ ಎಂದು ದುಂಡಗೆ ಬರೆದಳು. ಸುಳ್ಳು ಹೇಳದವಳೆಂದು ಹೆಸರಾದ ಹೆಂಗಸು. ಬರೆದದ್ದನ್ನು ಹೇಳಿದ ಲೆಕ್ಕಕ್ಕೆ ಸೇರಿಸಿರಲಿಲ್ಲ. ತಮ್ಮ ನಕ್ಕು, “ಮಾಲೀಕ ಕೊಡದ ಬಡ್ತಿ ಅಕ್ಕ ಕೊಟ್ಟಳು” ಎಂದಿದ್ದ.

ಈ ವರ್ಷ ಅವಳು ಆಣೆಯಿಡಿಸಿ ಆ ಕೆಲಸ ಬಿಡಿಸಿದಳು. ವಾಚನಾಲಯದಲ್ಲಿ ಪತ್ರಿಕೆ ಜೋಡಿಸುವ ಕೆಲಸ ಸಿಕ್ಕಿತು. ವಾಸನೆ ಹೋಯಿತು, ಮುಖಕ್ಕೆ ಕಳೆ ಬಂತು. ದೇವರು ಕೊನೆಗೂ ಕಿವಿಗೊಟ್ಟನೆಂದು ಅಕ್ಕ ದೀಪಕ್ಕೆ ಇನ್ನೊಂದು ಬತ್ತಿ ಹಾಕಿದಳು.

ಎರಡು ತಿಂಗಳು ಕಳೆದ ಮೇಲೆ ಅವನ ತೋಳಿನಲ್ಲಿ ನೀಲಿ ಕಲೆಗಳೆದ್ದವು. ಅಕ್ಕನೇ ಆಸ್ಪತ್ರೆಗೆ ಫೋನು ಮಾಡಿದಳು. ಊಟ ಬದಲಾಗಿದೆಯೇ, ಬೇರೆ ಔಷಧಿ ಏನಾದರೂ ತಗೊಂಡರೇ ಎಂದು ನರ್ಸು ಕೇಳಿದಳು. “ಏನೂ ಬದಲಾಗಿಲ್ಲಮ್ಮ” ಎಂದಳು ಅಕ್ಕ. ಉಸಿರಾಡುವ ಗಾಳಿ ಬದಲಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಬರುವ ವಾರದ ರಕ್ತಪರೀಕ್ಷೆ ತಪ್ಪಿಸಬೇಡಿ ಎಂದರು. ಆ ವಾರ ಬರುವ ಮೊದಲೇ ಅವನು ಹೊರಟುಹೋದ.

ಎಲ್ಲ ಮುಗಿದ ಮೇಲೆ ಕಾಗದಪತ್ರಕ್ಕೆಂದು ಅಕ್ಕ, ತಮ್ಮನ ಹೆಂಡತಿ ಇಬ್ಬರೂ ಡಾಕ್ಟರ ಬಳಿ ಹೋದರು.

“ಅತ್ತಿಗೆ, ಇವತ್ತೊಂದು ದಿನ ಅವರ ವಿಷಯ ನಾನೇ ಮಾತಾಡ್ತೀನಿ” ಎಂದಳು ತಮ್ಮನ ಹೆಂಡತಿ, ಬಾಗಿಲಲ್ಲೇ.

ಡಾಕ್ಟರು ಕಡತ ತಿರುವಿ, “ಅರ್ಥವೇ ಆಗ್ತಿಲ್ಲ. ಆರು ವರ್ಷ ಅದೇ ಮೂರು ಮಾತ್ರೆ. ಗುಮಾಸ್ತರು, ಕೂತು ಮಾಡೋ ಕೆಲಸ...” ಎಂದರು.

“ಎಲ್ಲಿಯ ಗುಮಾಸ್ತರು? ಹುಳದ ಔಷಧಿ ಹೊಡೀತಿದ್ರು. ಬಿಟ್ಟು ಮೂರು ತಿಂಗಳಾಗಿತ್ತು.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಧಾನವಾಗಿ ಹೇಳಿದರು: “ಲಿವರಲ್ಲಿ ವಿಷ ಮುರಿಯೋ ಕಿಣ್ವಗಳಿರ್ತವೆ, ಆಳುಗಳ ಹಾಗೆ. ಅಂಥ ಔಷಧಿ ದಿನಾ ಮೈಗೆ ಸೇರಿದರೆ, ಅವನ್ನ ಮಾಡೋ ಜೀನ್‌ಗಳು ಎಚ್ಚೆತ್ತು ಇನ್ನಷ್ಟು ಆಳು ಹಾಕ್ತವೆ. ಆ ಆಳುಗಳಿಗೆ ವಿಷ ಯಾವುದು, ನನ್ನ ಮಾತ್ರೆ ಯಾವುದು ಗೊತ್ತಾಗಲ್ಲ, ಎಲ್ಲಾ ಗುಡಿಸಿಹಾಕ್ತವೆ. ಅದಕ್ಕೇ ಮೂರು ಬೇಕಾಗ್ತಿತ್ತು. ಹೊಡೆಯೋದು ನಿಂತ ಮೇಲೆ ಆಳು ಕಡಿಮೆಯಾದವು. ಮೂರೂ ಮಾತ್ರೆ ಹಾಗೇ ಒಳಗೆ ಉಳಿದು, ರಕ್ತ ಹೆಪ್ಪುಗಟ್ಟದೆ ತಲೆಯಲ್ಲಿ ಸೋರ್ತು.”

ಕಬ್ಬಿಣದ ಹೊಟ್ಟೆ! ಅದು ಬಲವಲ್ಲ, ಮೂವತ್ತು ವರ್ಷ ವಿಷದೊಡನೆ ಲಿವರಿನ ಗುದ್ದಾಟ.

“ಹಾಗಾದ್ರೆ ಬಿಡಿಸಿದ್ದೇ ತಪ್ಪಾ ಡಾಕ್ಟ್ರೇ?” ಎಂದಳು ಅಕ್ಕ.

“ಬಿಡಿಸಿದ್ದು ಸರೀನೇ ಅಮ್ಮ. ನನಗೆ ಗೊತ್ತಿದ್ದಿದ್ರೆ ಆಗಾಗ ರಕ್ತ ನೋಡಿ ಮಾತ್ರೆ ಇಳಿಸ್ತಿದ್ದೆ.”

ತಮ್ಮನ ಹೆಂಡತಿ ಕಡತದಲ್ಲಿದ್ದ ಹಳೆಯ ಅರ್ಜಿಯನ್ನು ಅಕ್ಕನ ಮುಂದಕ್ಕೆ ಸರಿಸಿದಳು. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಅಕ್ಕ ಡಾಕ್ಟರ ಪೆನ್ನು ಕೇಳಿ ಪಡೆದು, ಅದರಲ್ಲಿ ‘ಗುಮಾಸ್ತ’ ಎಂಬುದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಬರೆದಳು: ‘ಹುಳಕ್ಕೆ ವಿಷ ಹೊಡೆಯುತ್ತಿದ್ದ’. ಅಕ್ಷರ ಈ ಸಲ ದುಂಡಗೆ ಬರಲಿಲ್ಲ. ಡಾಕ್ಟರು ಕಡತ ಮುಚ್ಚಿದರು.

ಮನೆಗೆ ಬಂದು ದೀಪದ ಮುಂದೆ ಕೂತಳು. ಹೆಚ್ಚಿಗೆ ಹಾಕಿದ್ದ ಬತ್ತಿಯನ್ನು ತೆಗೆಯಲು ಹೋಗಿ, ಹಾಗೇ ಬಿಟ್ಟಳು.

“ದೇವರೇ, ಅವನು ಹುಳ ಕೊಂದ, ಮುಚ್ಚಿಡಲಿಲ್ಲ. ಮುಚ್ಚಿಟ್ಟವಳು ನಾನು. ಆ ಸಾಲು ಅವನ ತಲೆಗೆ ಕಟ್ಟಬೇಡ. ಅಲ್ಲಿ ಅವನು ಕಳಿಸಿದ ಹುಳಹುಪ್ಪಟೆಗಳೆಲ್ಲ ಮೊದಲೇ ಬಂದು ಕೂತಿರಬಹುದು. ಅವಕ್ಕೂ ಅವನಿಗೂ ರಾಜಿ ಮಾಡಿಸು. ಉದ್ಯೋಗ ಏನು ಅಂತ ಕೇಳಿದರೆ ಅವನೇ ಉತ್ತರ ಹೇಳಲಿ, ನಾನು ಬಾಯಿ ಹಾಕಲ್ಲ. ಶುದ್ಧ ಗಾಳಿ ಇರೋ ಕಡೆ ಅವನಿಗೊಂದು ಜಾಗ ಕೊಡು. ನನ್ನ ತಮ್ಮನ ಜೀವ ಶಾಂತವಾಗಿರಲಿ.”