ಮೇಲೂರಿನ ಮೇಲೆ ನಿಂತುಬಿಡುವ ವಿಮಾನ

‘ನಾಳೆ ಅವರಿಗೆಲ್ಲ ನಾನು ಮನುಷ್ಯಳು ಅಂತ ಗೊತ್ತಾಗಿಬಿಡುತ್ತೆ.’

ಶನಿವಾರ ಸಂಜೆ ಡೈರಿಯಲ್ಲಿ ಇದೊಂದೇ ಸಾಲು ಬರೆದು ಶಿರೀಷಾ ಪೆನ್ನಿಗೆ ಮುಚ್ಚಳ ಹಾಕಿದಳು.

ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ‘ಪ್ರೆಸೆಂಟ್’ ಅಂದದ್ದು ಮೇಷ್ಟರಿಗೆ ಕೇಳಿಸದೆ ಎಷ್ಟೋ ದಿನ ಗೈರುಹಾಜರಿ ಬಿದ್ದದ್ದುಂಟು. ಅಂಥವಳಿಗೆ ಸಿಕ್ಕ ಕೆಲಸ ದೇವರೇ ಅಳತೆ ತೆಗೆದು ಹೊಲಿಸಿದ ಹಾಗಿತ್ತು: ಬಾಯಿ ಬಿಡದೆ ನಾನೂರು ಜನಕ್ಕೆ ಉತ್ತರ ಹೇಳುವುದು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಮೋಹನ್‌ಬಾಬು ನಡೆಸುತ್ತಿದ್ದ ಕಂಪನಿಯ ಹೆಸರು ‘ಮೋಡಕಟ್ಟೆ’. ಇದ್ದದ್ದು ಮೂರೇ ಜನ. ಮಾಲೀಕ ಮೋಹನ್‌ಬಾಬು, ಪ್ರೋಗ್ರಾಂ ಬರೆಯುವ ಅಚ್ಯುತ್, ಮತ್ತೆ ಇವಳು. ಮನೆಯ ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಇದೆಯಲ್ಲ, ಅದಕ್ಕೆ ಇವರು ‘ನಂದಿ ಸೀಮೆ’ ಅಂತ ಒಂದು ಆಡ್‌ಆನ್ ಮಾಡಿದ್ದರು. ಹಾಕಿಕೊಂಡರೆ ಸಾಕು, ನಂದಿ ಬೆಟ್ಟ, ಕಂದವಾರ ಕೆರೆ, ಕೈವಾರ, ಗೌರಿಬಿದನೂರು ಎಲ್ಲ ವಿಮಾನದ ಕಿಟಕಿಯಿಂದ ಇದ್ದ ಹಾಗೇ ಕಾಣುತ್ತಿತ್ತು. ಬೆಟ್ಟ, ಕೆರೆ ಅಚ್ಯುತನ ಪಾಲು; ಊರು, ಗದ್ದೆ, ಗಿಡಗಂಟೆ ಕೂರಿಸುವುದು ಶಿರೀಷಾಳ ಪಾಲು. ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವುದೂ ಅವಳೇ.

ಏಳು ತಿಂಗಳ ಹಿಂದೆ ಸಿಮ್ಯುಲೇಟರಿನದೇ ಹೊಸ ಆವೃತ್ತಿ ಬಂತು. ಬಂದದ್ದೇ ತಡ, ನಂದಿ ಬೆಟ್ಟ ಅರ್ಧ ನೆಲದೊಳಗೆ ಹೂತುಹೋಯಿತು, ಕಂದವಾರ ಕೆರೆ ಗಾಳಿಯಲ್ಲಿ ತೇಲಿತು. ‘ಎರಡು ವಾರದಲ್ಲಿ ಅಪ್‌ಡೇಟ್ ಕೊಡ್ತೀವಿ’ ಅಂದರು ಮೋಹನ್‌ಬಾಬು. ಆ ಎರಡು ವಾರ ಇನ್ನೂ ಮುಗಿದಿರಲಿಲ್ಲ.

‘ಎರಡು ವಾರ ಅಂದರೆ ನಿಮ್ಮ ಕಡೆ ಎಷ್ಟು ದಿನ? ನಮ್ಮ ಚಿಂತಾಮಣಿ ಕಡೆ ಹದಿನಾಲ್ಕು’ ಅಂತ ಬರೆದಿದ್ದ ನರೇಂದ್ರ ಎಂಬ ಗ್ರಾಹಕ. ಶಿರೀಷಾ ಉತ್ತರ ಕೊಟ್ಟಳು: ‘ತಮ್ಮ ತಾಳ್ಮೆಗೆ ಧನ್ಯವಾದ. ಕೆಲಸ ಪರವಾಗಿಲ್ಲ, ನಡೀತಿದೆ. ಎರಡು ವಾರದಲ್ಲಿ ಬರುತ್ತೆ.’ ಗ್ರಾಹಕರೇ ಮಾಡಿಕೊಂಡಿದ್ದ ಗುಂಪಿನಲ್ಲಿ ನರೇಂದ್ರ ಅದನ್ನು ಹಂಚಿ ಕೆಳಗೆ ಹಾಕಿದ: ‘ಇದು ಮಿಷನ್ ಕಣ್ರಪ್ಪ. ಒಂದೇ ಮಾತು ಕಲಿಸಿಬಿಟ್ಟಿದಾರೆ.’ ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಮಿಷನ್ ಆದಳು. ಅವಳಿಗೂ ಅದು ಹಾಯೆನಿಸಿತ್ತು. ಮಿಷನ್‌ಗೆ ನಾಚಿಕೆ ಎಲ್ಲಿಯದು?

ಆ ‘ಪರವಾಗಿಲ್ಲ’ ಕಂಪ್ಯೂಟರಿನಿಂದ ಕಲಿತ ಮಾತಲ್ಲ. ಅದು ಅವಳ ಊರು ಮೇಲೂರಿನ ಹುಳದ ಮನೆಯ ಮಾತು. ರೇಷ್ಮೆ ಹುಳ ಸಾಕುವವರನ್ನು ‘ಹುಳ ಹೆಂಗವೆ’ ಅಂತ ಯಾರಾದರೂ ಕೇಳಿದರೆ ಚೆನ್ನಾಗಿವೆ ಅನ್ನುವಂತಿಲ್ಲ, ದೃಷ್ಟಿ ತಗಲುತ್ತದೆ. ಕೆಟ್ಟಿವೆ ಅನ್ನುವಂತೆಯೂ ಇಲ್ಲ, ಊರೆಲ್ಲ ಸುದ್ದಿಯಾಗುತ್ತದೆ. ‘ಪರವಾಗಿಲ್ಲ’ ಅಂದು ಸೆರಗು ಕೊಡವಿ ಒಳಗೆ ಹೋಗುವುದು. ಅವಳ ಅಜ್ಜಿ ಮುನಿಗಂಗಮ್ಮ ಅರವತ್ತು ವರ್ಷ ಇದೊಂದೇ ಉತ್ತರದಲ್ಲಿ ಬಾಳುವೆ ಮಾಡಿದ್ದಳು. ಮೊಮ್ಮಗಳು ಅದನ್ನೇ ನಾನೂರು ಜನಕ್ಕೆ ಬರೆದು ಕಳಿಸುತ್ತಿದ್ದಳು.

ಆ ನಾನೂರು ಜನರಲ್ಲಿ ಒಬ್ಬರು ಮಾತ್ರ ಒಮ್ಮೆಯೂ ಸಿಡುಕಿದವರಲ್ಲ. ನಗರಗೆರೆಯ ಪುಟ್ಟಸ್ವಾಮಯ್ಯ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮೂವತ್ತೆರಡು ವರ್ಷ ಚಿಂತಾಮಣಿಯಲ್ಲಿ ಕೆಲಸ, ನಗರಗೆರೆಯಲ್ಲಿ ಮನೆ. ವಾರಕ್ಕೊಮ್ಮೆ ಶಿಡ್ಲಘಟ್ಟದಲ್ಲಿಳಿದು, ಚಿಕ್ಕಬಳ್ಳಾಪುರದಲ್ಲಿಳಿದು, ಗೌರಿಬಿದನೂರಲ್ಲಿಳಿದು, ನಾಲ್ಕು ಬಸ್ಸು ಹತ್ತಿ ಊರು ಸೇರುತ್ತಿದ್ದರು. ಆ ದಾರಿಯನ್ನು ಒಂದು ಸಲವಾದರೂ ಎಲ್ಲೂ ಇಳಿಯದೆ ದಾಟಬೇಕು ಅನ್ನುವುದೇ ಅವರ ಆಸೆ. ‘ಅವಸರ ಏನಿಲ್ಲಮ್ಮ, ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನಲ್ಲಿ ಕಾದವನಿಗೆ ಇದು ಯಾವ ಲೆಕ್ಕ’ ಅಂತ ಬರೆಯುತ್ತಿದ್ದರು. ಆ ತಾಳ್ಮೆ ಮೆಚ್ಚಿಯೇ ಮೋಹನ್‌ಬಾಬು ಹೊಸ ಅಪ್‌ಡೇಟನ್ನು ಪರೀಕ್ಷೆಗೆಂದು ಎಲ್ಲರಿಗಿಂತ ಮೊದಲು ಅವರಿಗೆ ಕಳಿಸಿದ್ದು.

ಅಲ್ಲೇ ತೊಡಕು ಗೊತ್ತಾದದ್ದು. ಮೂರು ತಿಂಗಳ ಹಿಂದೆ ಪುಟ್ಟಸ್ವಾಮಯ್ಯ ಬರೆದರು: ‘ಬೆಟ್ಟ ಸರಿಹೋಗಿದೆ, ಕೆರೆ ಕೆಳಗಿಳಿದಿದೆ. ಆದರೆ ಮೇಲೂರಿನ ಮೇಲೆ ಬಂದ ತಕ್ಷಣ ವಿಮಾನ ಹದ್ದಿನ ಹಾಗೆ ನಿಂತುಬಿಡುತ್ತೆ ತಾಯಿ. ಮುಂದಕ್ಕೂ ಹೋಗಲ್ಲ, ಕೆಳಕ್ಕೂ ಬೀಳಲ್ಲ.’ ಕಚೇರಿಯ ದೊಡ್ಡ ಕಂಪ್ಯೂಟರಿನಲ್ಲಿ ಹಾರುತ್ತಿತ್ತು, ಮನೆಗಳಲ್ಲಿರುವಂಥ ಸಣ್ಣ ಕಂಪ್ಯೂಟರಿನಲ್ಲಿ ಹ್ಯಾಂಗ್ ಆಗುತ್ತಿತ್ತು. ಆ ಸುತ್ತ ಕೆರೆಗಳು ಹೆಚ್ಚು, ತಪ್ಪು ನನ್ನ ಕೆರೆಗಳದ್ದೇ ಅಂದುಕೊಂಡ ಅಚ್ಯುತ್. ಮೂರು ಸಲ ಕೆರೆಗಳನ್ನು ಅಳಿಸಿ ಬರೆದ. ಗಡ್ಡ ಬೆಳೆಯಿತು, ಊಟ ಕಡಿಮೆಯಾಯಿತು, ವಿಮಾನ ಮಾತ್ರ ಅಲುಗಲಿಲ್ಲ.

ಕಾರಣ ಶಿರೀಷಾಳಿಗೆ ಹೊಳೆದದ್ದು ಶುಕ್ರವಾರ ಬೆಳಿಗ್ಗೆ, ತೋಟದಲ್ಲಿ. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ರಾಕ್ಷಸ ಹಸಿವು. ಅಜ್ಜಿ ಸರಸರನೆ ಹಿಪ್ಪುನೇರಳೆ ಕಡ್ಡಿ ಕೊಯ್ದು ಹೊರೆ ಕಟ್ಟುತ್ತಿದ್ದಳು. ಶಿರೀಷಾ ಗಿಡದಿಂದ ಗಿಡಕ್ಕೆ ನಿಂತು ನೋಡುತ್ತಾ ಹಿಂದೆ ಬಿದ್ದಿದ್ದಳು.

“ಏನಮ್ಮಿ, ಒಂದೊಂದು ಗಿಡಾನೂ ಮಾತಾಡಿಸ್ಕಂಡು ಬರ್ತೀಯ? ನೀನು ಹಿಂಗೆ ಕುಯ್ತಾ ಕೂತ್ರೆ ಹುಳ ಉಪವಾಸ ಬೀಳ್ತವೆ” ಅಂದಳು ಅಜ್ಜಿ.

ಕುಡುಗೋಲು ಶಿರೀಷಾಳ ಕೈಯಲ್ಲೇ ನಿಂತಿತು. ಒಂದೊಂದು ಗಿಡವನ್ನೂ ಮಾತಾಡಿಸಿಕೊಂಡು.

ಮೂರು ತಿಂಗಳ ಹಿಂದೆ ಬೇರೆ ಊರುಗಳ ಹೊಲಕ್ಕೆಲ್ಲ ಬರೀ ಹಸಿರು ಚಿತ್ರ ಹಾಸಿ ಮುಗಿಸಿದ್ದ ಅವಳು, ತನ್ನ ಊರು ಬಂದಾಗ ಹಾಗೆ ಮಾಡಲಾರದೆ ಹೋಗಿದ್ದಳು. ಹಿಪ್ಪುನೇರಳೆ ತೋಟ ಅಂದರೆ ಹಸಿರು ಬಟ್ಟೆಯೇ? ಅದಕ್ಕೆ ಸಾಲಿದೆ, ಸಾಲಿನ ನಡುವೆ ನಡೆಯುವ ಜಾಗವಿದೆ. ಮೇಲೂರಿನಿಂದ ಶಿಡ್ಲಘಟ್ಟದವರೆಗೆ ಒಂದೊಂದೇ ಸಾಲು ಎಳೆದು, ಒಂದೊಂದೇ ಗಿಡ ಕೂರಿಸಿದ್ದಳು, ಎಲೆ ಸಮೇತ, ನೆರಳು ಸಮೇತ. ಎರಡು ಲಕ್ಷ ಎಂಬತ್ತು ಸಾವಿರ ಗಿಡ. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಪಾಪದ ಕಂಪ್ಯೂಟರು ಮೇಲೂರಿನ ಮೇಲೆ ಬಂದಾಗೆಲ್ಲ ಅಷ್ಟೂ ಗಿಡಗಳನ್ನು ಮಾತಾಡಿಸಲು ನಿಂತುಬಿಡುತ್ತಿತ್ತು. ಏಳು ತಿಂಗಳಲ್ಲಿ ಮೊದಲ ನಾಲ್ಕು ಸಿಮ್ಯುಲೇಟರಿನವು. ಉಳಿದ ಮೂರು ಅವಳವು.

ಶನಿವಾರ ಮಧ್ಯಾಹ್ನ, ಹುಳದ ಮನೆಯ ಪಕ್ಕದ ಕೋಣೆಯಲ್ಲಿ ಕೂತು, ಗಿಡಗಳನ್ನೆಲ್ಲ ತೆಗೆದು ಚಿತ್ರ ಹಾಸಿದಳು. ತಮ್ಮ ಮನೆಯ ಹಿಂದಿನ ಎರಡೇ ಎಕರೆಯ ಗಿಡ ಉಳಿಸಿಕೊಂಡಳು. ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಹಾರಿಸಿದಳು. ವಿಮಾನ ಬೆಣ್ಣೆಯಲ್ಲಿ ಎಳೆದ ಕೂದಲಿನಂತೆ ಮೇಲೂರು ದಾಟಿತು. ಪಕ್ಕದ ಕೋಣೆಯಲ್ಲಿ ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡಳು. ನಾಳೆ ಗ್ರಾಹಕರೆಲ್ಲ ಕಚೇರಿಗೆ ಬರುವ ಹೊತ್ತಿಗೆ ಅಚ್ಯುತನ ಕೈಗೆ ಸದ್ದಿಲ್ಲದೆ ಕೊಟ್ಟುಬಿಟ್ಟರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ.

ಅಜ್ಜಿ ಬಾಗಿಲಲ್ಲಿ ಇಣುಕಿ, “ಮುಖ ಯಾಕೆ ಹಂಗಾಗೈತೆ? ಹಾಲುತೊಂಡೆ ಕಂಡೋಳ ಹಂಗೆ” ಅಂದಳು. ಹಾಲುತೊಂಡೆ ಅಂದರೆ ಹುಳಕ್ಕೆ ಬರುವ ಕೆಟ್ಟ ರೋಗ.

“ಪರವಾಗಿಲ್ಲ” ಅಂದಳು ಶಿರೀಷಾ.

“ಆ ಮಾತು ಹೊರಗಿನೋರಿಗೆ ಕಣೇ. ಮನೆಯೋರ ಹತ್ರ ಮುಚ್ಚಿಡಬಾರ್ದು. ಒಂದು ರೋಗದ ಹುಳ ಮುಚ್ಚಿಟ್ರೆ ಮನೆ ಹುಳ ಎಲ್ಲಾ ಹೋಯ್ತವೆ” ಅಂದು ಅಜ್ಜಿ ಸೊಪ್ಪು ಹಾಕಲು ಹೋದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೇಕರಿಯ ಮೇಲಿನ ಮಹಡಿ ಮದುವೆ ಮನೆಯಾಗಿತ್ತು. ಗ್ರಾಹಕರನ್ನು ಮೋಹನ್‌ಬಾಬು ಇದೇ ಮೊದಲ ಸಲ ಕರೆದಿದ್ದರು. ಇಪ್ಪತ್ತು ಬರಬಹುದು ಅಂದುಕೊಂಡರೆ ಅರವತ್ತು ಬಂದಿದ್ದರು. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ. ಪುಟ್ಟಸ್ವಾಮಯ್ಯ ತಮ್ಮ ಮನೆಯ ಕಂಪ್ಯೂಟರನ್ನೇ ರಗ್ಗಿನಲ್ಲಿ ಸುತ್ತಿ ತಂದಿದ್ದರು.

“ಸಾರ್, ನಮ್ಮ ದೊಡ್ಡ ಸಿಸ್ಟಂ ಇದೆ, ಅದರಲ್ಲೇ ಹಾರಿಸಿ” ಅಂದರು ಮೋಹನ್‌ಬಾಬು.

“ನಿಮ್ಮದರಲ್ಲಿ ಹಾರಿದರೆ ನಿಮ್ಮ ಹೆಚ್ಚುಗಾರಿಕೆ ಸ್ವಾಮಿ. ನನ್ನದರಲ್ಲಿ ಹಾರಿದರೆ ಅಪ್‌ಡೇಟಿನ ಹೆಚ್ಚುಗಾರಿಕೆ.”

ಮೋಹನ್‌ಬಾಬು ಅಚ್ಯುತನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ಮೇಲೂರು ಹತ್ರ ಬಂದಾಗ ಉತ್ತರಕ್ಕೆ ತಿರುಗಿಸೋಕೆ ಹೇಳು. ನಿಂತುಹೋದ್ರೆ ಇನ್ನೆರಡು ವಾರ ಅನ್ನೋಣ.”

ಅಚ್ಯುತ್ ತಲೆ ಕೆಳಗೆ ಹಾಕಿ ನಿಂತಿದ್ದ. ಶಿರೀಷಾ ಹೋಗಿ ಅವನ ಅಂಗೈಗೆ ಪೆನ್‌ಡ್ರೈವ್ ಇಟ್ಟಳು.

“ಏನಿದು?”

“ಹಾಕಿ ನೋಡಿ.” ಅಷ್ಟು ಹೇಳಿ ಹಿಂದಿನ ಗೋಡೆಗೆ ಹೋಗಿ ಅಂಟಿಕೊಂಡಳು.

ಪುಟ್ಟಸ್ವಾಮಯ್ಯನವರ ಕಂಪ್ಯೂಟರಿಗೇ ಹಾಕಿದ. ಗೋಡೆಯ ಮೇಲಿನ ಪರದೆಯಲ್ಲಿ ಚಿಂತಾಮಣಿ ಮೂಡಿತು, ಪುಟ್ಟ ವಿಮಾನ ಗುಡುಗುಡು ಓಡಿ ಎದ್ದಿತು. ಪುಟ್ಟಸ್ವಾಮಯ್ಯ ಎರಡೂ ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಗೋದಮ್ಮ, ಮಡಿಲಲ್ಲಿ ಕೋಡುಬಳೆ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತವರ ಹಾಗೆ ಕೂತಿದ್ದರು.

“ಕಿಟಕಿ ಸೀಟು ನನಗೆ” ಅಂದರು ಗೋದಮ್ಮ.

“ನಿನಗೇ ಕಣೇ. ಮೂವತ್ತೆರಡು ವರ್ಷ ಕಾದು ರಿಸರ್ವ್ ಮಾಡಿಸಿದೀನಿ.”

ಅಂಬಾಜಿದುರ್ಗ ಹಿಂದಾಯಿತು. ಕೆರೆಗಳು ಮಿನುಗಿದವು. “ಯಾರ್ರೀ ಶಿಡ್ಲಘಟ್ಟ ಇಳಿಯೋರು?” ಅಂತ ಹಿಂದಿನಿಂದ ಯಾರೋ ಕಂಡಕ್ಟರ ದನಿ ತೆಗೆದರು. “ಇವತ್ತು ಇಳಿಯಲ್ಲಪ್ಪ” ಅಂದರು ಪುಟ್ಟಸ್ವಾಮಯ್ಯ. ಅಚ್ಯುತ್ ಬಗ್ಗಿ, “ಸಾರ್, ಸ್ವಲ್ಪ ಉತ್ತರಕ್ಕೆ…” ಅಂದ. ಅವರು ದಕ್ಷಿಣಕ್ಕೇ ತಿರುಗಿಸಿದರು. “ಮೇಲೂರಿನ ಮೇಲೇ ಹೋಗೋಣ. ನಿಂತರೆ ನಿಲ್ಲಲಿ, ನಿಂತು ಅಭ್ಯಾಸ ಇದೆ ನಮಗೆ.”

ಹಿಂದಿನ ಸಾಲಿನವರು ಎದ್ದು ನಿಂತರು. ಮೇಲೂರಿನ ಮನೆಗಳು ಕಂಡವು. ಹಸಿರು ಬಂತು, ಮೂಲೆಯಲ್ಲಿ ಅವಳ ಅಜ್ಜಿಯ ಎರಡೆಕರೆ ಸಾಲುಸಾಲಾಗಿ ಎದ್ದು ಕಂಡಿತು. ವಿಮಾನ ನಿಲ್ಲಲಿಲ್ಲ. ತೋಟದ ಮೇಲೆ ತನ್ನ ನೆರಳು ಎಳೆದುಕೊಂಡು ದಾಟಿ ಹೋಯಿತು. ಕಿಟಕಿ ಕಟ್ಟೆಯವರು ಶಿಳ್ಳೆ ಹೊಡೆದರು, ಕೆಳಗಿನ ಬೇಕರಿಯವನು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದ. ಚಿಕ್ಕಬಳ್ಳಾಪುರ, ಬೆಟ್ಟ, ಮುದ್ದೇನಹಳ್ಳಿ, ಗೌರಿಬಿದನೂರು. ಕೊನೆಗೆ ನಗರಗೆರೆ ಕಂಡಾಗ ಗೋದಮ್ಮ, “ನಮ್ಮನೆ ತಾರಸಿ, ನಮ್ಮನೆ ತಾರಸಿ, ಬಟ್ಟೆ ಒಣಗಹಾಕಿಲ್ಲ ಅಷ್ಟೆ” ಅಂದರು. ಪುಟ್ಟಸ್ವಾಮಯ್ಯ ಕನ್ನಡಕ ತೆಗೆದು ಒರೆಸಿಕೊಂಡರು.

“ಅಂತೂ ನಿನ್ನ ಕೆರೆ ದಾರಿಗೆ ಬಂದವಲ್ಲಪ್ಪ ಅಚ್ಯುತ್” ಅಂದರು ಮೋಹನ್‌ಬಾಬು, ಅವನ ಬೆನ್ನು ತಟ್ಟುತ್ತಾ.

“ಮೂರು ತಿಂಗಳು ಮನಸ್ಸಿನಲ್ಲೇ ನಿನ್ನ ಕೆರೆಗಳಿಗೆ ಶಾಪ ಹಾಕಿದೀನಿ, ಬೇಜಾರು ಮಾಡ್ಕೋಬೇಡ” ಅಂದರು ಪುಟ್ಟಸ್ವಾಮಯ್ಯ.

ಅಚ್ಯುತ್ ನಗಲು ನೋಡಿದ, ಆಗಲಿಲ್ಲ. “ನಾನು ಗುರುವಾರದಿಂದ ಕೆರೆ ಮುಟ್ಟೇ ಇಲ್ಲ ಸಾರ್. ಎಲ್ಲಿ ತಪ್ಪಿದ್ದೆ ಅಂತ ನನಗೇ ಗೊತ್ತಿಲ್ಲ.” ಅವನ ಕಣ್ಣು ಗೋಡೆಯ ಕಡೆ ಹೊರಳಿತು.

“ಆ ಮಿಷನ್ನ ಕೇಳಿ ಮತ್ತೆ. ಎರಡು ವಾರದಲ್ಲಿ ಹೇಳುತ್ತೆ” ಅಂದ ಚಿಂತಾಮಣಿಯ ನರೇಂದ್ರ. ಮಹಡಿ ತುಂಬ ನಗು.

“ಮಿಷನ್ ಅಲ್ಲವಯ್ಯ ಅದು” ಅಂದರು ಪುಟ್ಟಸ್ವಾಮಯ್ಯ. “ಒಂದು ಸಲ ಉತ್ತರ ತಡ ಆದಾಗ ಬರೆದಿತ್ತು, ‘ಕ್ಷಮಿಸಿ, ಮನೇಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು’ ಅಂತ. ಹುಳಕ್ಕೆ ಸೊಪ್ಪು ಹಾಕೋ ಮಿಷನ್ ಎಲ್ಲಿದೆ ತೋರಿಸು ನನಗೆ.”

ಗೋದಮ್ಮ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು, ಗೋಡೆಗೆ ಅಂಟಿದ್ದ ಹುಡುಗಿಯ ಎದುರು ಬಂದು ನಿಂತರು. “ನೀನೇ ಅಲ್ವೇನಮ್ಮ? ಬಾಗಿಲಿಂದ ಬರೋವಾಗಲೇ ಅಂದ್ಕೊಂಡೆ. ನಿನ್ನ ಕಾಗದ ಬಂದ ದಿನ ನಮ್ಮ ಯಜಮಾನರು ನನಗೆ ಓದಿ ಹೇಳದೆ ಊಟಕ್ಕೆ ಕೂತಿಲ್ಲ. ನಮ್ಮನೆ ಮಗು ಆಗಿಬಿಟ್ಟಿದೀಯ. ತಗೋ, ತಿನ್ನು.” ಅಂಗೈಯಲ್ಲಿ ಎರಡು ಕೋಡುಬಳೆ ಇಟ್ಟರು.

ಅಂಗೈ ಬೆಚ್ಚಗಾಯಿತು. ಹೊರಗಿನವರಿಗೆ ಒಂದು ಮಾತು, ಮನೆಯವರಿಗೆ ಒಂದು ಮಾತು. ಶಿರೀಷಾ ಎದುರಿಗಿದ್ದ ಅರವತ್ತು ಮುಖ ನೋಡಿದಳು. ಏಳು ತಿಂಗಳು ಕಾದವರು ಹೊರಗಿನವರು ಹೇಗಾಗುತ್ತಾರೆ? ಮೂಲೆಯಲ್ಲಿ ಅಚ್ಯುತ್ ಇನ್ನೂ ತನ್ನ ತಪ್ಪು ಹುಡುಕುತ್ತಾ ನಿಂತಿದ್ದ. ‘ಪರವಾಗಿಲ್ಲ’ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು.

ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ತಪ್ಪು ಕೆರೆಗಳದ್ದಲ್ಲ” ಅಂದಳು. ಮುಂದಿನ ಸಾಲಿನವರಿಗೂ ಕೇಳಿಸಲಿಲ್ಲ. ಕಿಟಕಿ ಕಟ್ಟೆಯವರಿಗೂ ಕೇಳುವ ಹಾಗೆ, ಮತ್ತೆ ಹೇಳಿದಳು: “ವಿಮಾನ ನಿಲ್ತಿದ್ದಿದ್ದು ನಮ್ಮೂರ ತೋಟದ ಗಿಡಗಳಿಂದ. ಒಂದೊಂದನ್ನೂ ಬಿಡಿಬಿಡಿಯಾಗಿ ನೆಟ್ಟೋಳು ನಾನು. ಕೊನೇ ಮೂರು ತಿಂಗಳು ನೀವೆಲ್ಲ ಕಾದಿದ್ದು ನನ್ನಿಂದ.”