ಮೇಲಿನ ಗದ್ದೆ ತುಂಬಿದ ಮೇಲೆ

ಒಡ್ಡಿನ ಗೇಟು ತೆರೆದು ಮೂವತ್ತೊಂಬತ್ತು ನಿಮಿಷವಾಗಿತ್ತು. ತೆರೆದ ಒಂದು ಗಂಟೆಗೆ ನೀರು ಕೊನೆಯ ಊರನ್ನು ಮುಟ್ಟುತ್ತದೆ. ನಂಜನಗೂಡಿನ ಪುಟ್ಟ ಕಚೇರಿಯಲ್ಲಿ ಇಂದ್ರಾಣಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಹೊಳೆದಂಡೆಯ ಆರು ಊರುಗಳಲ್ಲಿ ಒಂದೊಂದು ಸೈರನ್ ಪೆಟ್ಟಿಗೆ ಇದೆ. ಗೇಟು ತೆರೆದ ಸಂದೇಶ ಅರೆ ನಿಮಿಷದಲ್ಲಿ ಆರಕ್ಕೂ ಮುಟ್ಟಬೇಕು. ಎರಡಕ್ಕಷ್ಟೇ ಮುಟ್ಟಿತ್ತು.

ಕೊನೆಯ ಊರು ತಿ. ನರಸೀಪುರ ತಾಲ್ಲೂಕಿನ ಗಡಿಯಲ್ಲಿ. ಅಲ್ಲಿ ಅವಳ ತಮ್ಮ ಸಿದ್ದು ನಾಲ್ಕು ಆಳುಗಳೊಂದಿಗೆ ಹೊಳೆಯ ನಡುವಿನ ಮರಳಿನಲ್ಲಿ ಪಂಪ್‌ಸೆಟ್ಟಿನ ಪೈಪು ಕೂರಿಸುತ್ತಿದ್ದ. "ಫೋನು ಬೈಕಿನ ಡಿಕ್ಕಿಲಿರ್ತದೆ ಕಣಕ್ಕ. ನಿನ್ ಸೈರನ್ ಐತಲ್ಲ," ಎಂದಿದ್ದ ಬೆಳಿಗ್ಗೆ. ಅವಳು ಒಂಬತ್ತು ಸಲ ಕರೆ ಮಾಡಿದ್ದಳು.

"ನೆಟ್‌ವರ್ಕ್ ಸರಿ ಐತೆ ಮೇಡಂ. ಸರ್ವರ್‌ಗೂ ಕೆಲ್ಸಾನೇ ಇಲ್ಲ, ಸುಮ್ನೆ ಕೂತದೆ," ಎಂದ ಜೊತೆಯ ಮದನ್. "ರೀಸ್ಟಾರ್ಟ್ ಮಾಡ್ಲಾ?"

"ಬೇಡ. ಮೂರನೇ ಊರಿಂದ ಉತ್ತರ ಬಂದಿಲ್ಲ ನೋಡು."

ಅವಳು ಕರೆ ಮಾಡಿದಾಗ ಆ ಊರಿನ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ನಾಗಯ್ಯ ಫೋನೆತ್ತಿದ. "ವೈರು ನಾನೇ ಕಿತ್ತಿವ್ನಿ ಕಣವ್ವ. ಪಕ್ಕದ್ ಮನೇಲಿ ಬಾಣಂತಿ ಅವ್ಳೆ. ಓದ್ ವಾರ ನಿಮ್ ಪೆಟ್ಗೆ ಕಿರುಚ್ದಾಗ ಕೂಸು ಬೆಚ್ಚಿಬಿದ್ದು ರಾತ್ರಿಯೆಲ್ಲಾ ಮೊಲೆ ಕಚ್ನಿಲ್ಲ."

"ಗೇಟು ತೆಗೆದವ್ರೆ ನಾಗಯ್ಯಣ್ಣ. ಹೊಳೆ ಕಡೆ ಓಡಿ ಕೂಗಿ."

"ಓಡ್ದೆ ಬುಡು."

ಪೆಟ್ಟಿಗೆ ಸತ್ತದ್ದು ಒಂದೇ ಊರಿನದು. ಮಿಕ್ಕ ಮೂರು ಊರುಗಳು ಯಾಕೆ ಕಾಯಬೇಕು? ಕೇಳಿಕೊಂಡ ಕೂಡಲೇ ಇಂದ್ರಾಣಿಗೆ ಉತ್ತರ ಹೊಳೆಯಿತು. ಪ್ರೋಗ್ರಾಂನಲ್ಲಿ ಕಾಯುವಂತೆ ಬರೆದವಳು ಅವಳೇ. ಅವಳ ಅಪ್ಪನೂ ನೀರುಗಂಟಿಯಾಗಿದ್ದ. ಮೇಲಿನ ಗದ್ದೆ ತುಂಬದೆ ಕೆಳಗಿನವರಿಗೆ ನೀರು ಬಿಡಬಾರದು ಎಂಬ ಸರದಿಯನ್ನು ಅವನ ಹಿಂದೆ ಬದುವಿನ ಮೇಲೆ ನಡೆಯುತ್ತಲೇ ಕಲಿತಿದ್ದಳು. ಸಂದೇಶಗಳನ್ನೂ ಹಾಗೇ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಳು: ಮೇಲಿನ ಊರಿನ ಪೆಟ್ಟಿಗೆ 'ಸಿಕ್ಕಿತು' ಎಂದ ಮೇಲೆಯೇ ಮುಂದಿನ ಊರು. ಆಗ ಅದು ನ್ಯಾಯವೆಂದೇ ಕಂಡಿತ್ತು.

ಐವತ್ತೊಂದು ನಿಮಿಷ.

ಒಂದೊಂದು ಊರಿಗೂ ಬೇರೆ ಸಾಲು ಮಾಡಬೇಕು, ಯಾರೂ ಯಾರಿಗೂ ಕಾಯಬಾರದು. ಪ್ರೋಗ್ರಾಂನಲ್ಲಿ ನಾಲ್ಕೇ ಸಾಲಿನ ತಿದ್ದುಪಡಿ. ಅವಸರಕ್ಕೆ ಎರಡು ಸಲ ತಪ್ಪಾಯಿತು, ಅಳಿಸಿ ಮತ್ತೆ ಬರೆದಳು. ಮದನ್ ಒಂದೊಂದೇ ಅಕ್ಷರ ಓದಿ ಹೇಳಿದ.

ನಾಲ್ಕನೇ ಊರು: ಸಿಕ್ಕಿತು. ಐದು: ಸಿಕ್ಕಿತು. ಆರರ ಮುಂದೆ ಏನೂ ಬರಲಿಲ್ಲ. ಆಮೇಲೆ ಅದೂ ಬಂತು, ಐವತ್ತಾರನೇ ನಿಮಿಷಕ್ಕೆ.

ಪೆಟ್ಟಿಗೆಗೆ ಸಿಕ್ಕಿತ್ತು, ನಿಜ. ಸಿದ್ದುವಿಗೆ? ಫೋನು ರಿಂಗಾಗುತ್ತಲೇ ಇತ್ತು. ಗಂಟೆ ದಾಟಿತು. ಅವಳು ಮತ್ತೆ ಒತ್ತಿದಳು, ಮತ್ತೆ.

"ಅಕ್ಕಾ." ಅವನಿಗೆ ಏದುಸಿರು. "ಪೈಪು, ಮೋಟ್ರು ಎಲ್ಲಾ ಓಯ್ತು."

"ಆಳುಗಳು?"

"ದಂಡೇಲವ್ರೆ. ನನ್ನೂ ಸೇರಿ ಐದು."

ಅವನ ಹಿಂದೆ ನೀರಿನ ಮೊರೆತ ಕೇಳುತ್ತಿತ್ತು. ಮದನ್ ಮುಂದಿಟ್ಟ ಲೋಟವನ್ನು ಅವಳು ಮುಟ್ಟಲಿಲ್ಲ.

"ಎಣಿಸು," ಎಂದಳು.

"ಆಗ್ಲೇ ಅಂದ್ನಲ್ಲಕ್ಕ, ಐದು."

"ಇನ್ನೊಂದ್ ಸಲ ಎಣಿಸೋ ಸಿದ್ದು. ಹೆಸ್ರು ಹೇಳಿ ಎಣಿಸು."