ಎಲ್ಲವೂ ಇದ್ದ ಬ್ಯಾಗು

ನಾನು ಒಂದು ಕಂದು ಬಣ್ಣದ ಹೆಗಲ ಬ್ಯಾಗು. ಚರ್ಮದ್ದೆಂದು ಹೇಳಿಕೊಳ್ಳುವ ಆಸೆಯೇನೋ ಇದೆ, ಆದರೆ ನಾನು ಬರೀ ರೆಕ್ಸಿನ್ನು. ಹುಬ್ಬಳ್ಳಿಯ ಸಣ್ಣ ಅಂಗಡಿಯೊಂದರ ಅಟ್ಟದ ಮೇಲೆ, ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಹುಟ್ಟಿದೆ. ಯಾರೋ ನನ್ನನ್ನು ಮದುವೆಯ ಉಡುಗೊರೆಯಾಗಿ ಕೊಟ್ಟರು. ಆ ಮದುಮಗಳು ಕವರನ್ನೇ ಬಿಚ್ಚದೆ ಒಂದು ಗೃಹಪ್ರವೇಶಕ್ಕೆ ದಾಟಿಸಿದಳು. ಆ ಮನೆಯವರೂ ನನ್ನ ಮುಖ ನೋಡದೆ ಮಂಗಲಕ್ಕನಿಗೆ ಕೊಟ್ಟು ಕೈತೊಳೆದುಕೊಂಡರು. ಕವರು ಬಿಚ್ಚಿದವಳು ಅವಳೊಬ್ಬಳೇ.

ಮಂಗಲಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಪಿನ್ನು, ಸೂಜಿದಾರ, ತಲೆನೋವಿನ ಗುಳಿಗೆ, ಚಿಲ್ಲರೆ, ಮನೆಯ ಇನ್ನೊಂದು ಕೀಲಿಕೈ ಎಲ್ಲ ನನ್ನ ಹೊಟ್ಟೆಗೆ ತುಂಬಿದಳು. ಯಾರ ಸೆರಗು ಹರಿದರೂ, ಯಾರಿಗೆ ತಲೆ ನೊಂದರೂ "ಮಂಗಲಕ್ಕನ್ನ ಕೇಳ್ರಿ" ಅನ್ನುತ್ತಿದ್ದರು. ನನಗೂ ಕೊಂಚ ಜಂಬವಿತ್ತು.

ಆದರೆ ಮಂದಿ ಕಾಣದ್ದು ನನಗೆ ಗೊತ್ತಿತ್ತು. ಮೇಲೆ ನಗುತ್ತ ಮಾತಾಡುವಾಗಲೇ ಅವಳ ಎಡಗೈ ನನ್ನೊಳಗೆ ಇಳಿದು ಅಸ್ತರದ ಬಟ್ಟೆಯನ್ನು ಹಿಂಡುತ್ತಿತ್ತು. ಅಂಗೈ ತಣ್ಣಗೆ, ಬೆವರಿ ಒದ್ದೆ. ಆಟೋದಲ್ಲಿ ಒಬ್ಬಳೇ ಕೂತಾಗ ಗೊಣಗುವಳು: "ಗ್ಯಾಸ್ ಬಂದ್ ಮಾಡಿದ್ನಿಲ್ಲೋ? ಹೆಡ್‌ಮಾಸ್ತರು ಯಾಕ ನಗಲಿಲ್ಲ?" ಒಂದು ದಿನ ಅಸ್ತರ ಹರಿದೇ ಹೋಯಿತು. ನನ್ನ ನೋವಿಗಿಂತ ಅವಳದೇ ದೊಡ್ಡದೆನಿಸಿ ಅಯ್ಯೋ ಅನಿಸಿತು.

ಮಕ್ಕಳ ಪರೀಕ್ಷೆಯ ಭಯದ ಬಗ್ಗೆ ಮಾತಾಡಲು ಶಾಲೆಗೆ ನಫೀಸಾ ಎಂಬ ಆಪ್ತಸಮಾಲೋಚಕಿ ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮಂಗಲಕ್ಕ ಅವರ ಹಿಂದೆಯೇ ಗೇಟಿನವರೆಗೆ ಹೋದಳು.

"ಮೇಡಂ, ನನ್ನ ಗೆಳತಿಗೆ ಹಿಂಗ ಆಗ್ತೈತ್ರಿ. ಎಲ್ಲಾ ಕೆಲಸ ಛಲೋ ಮಾಡ್ತಾಳ, ಒಳಗ ಮಾತ್ರ ನಡುಗ್ತಾಳ."

"ಗೆಳತಿನ್ನ ಶನಿವಾರ ಕರಕೊಂಡ ಬರ್ರಿ," ಅಂದರು ನಫೀಸಾ.

ಶನಿವಾರ ಮಂಗಲಕ್ಕ ಒಬ್ಬಳೇ ಹೋದಳು. ನಫೀಸಾ ಗೆಳತಿಯ ಸುದ್ದಿಯನ್ನೇ ಎತ್ತಲಿಲ್ಲ. ದಿನಾ ಬೆಳಿಗ್ಗೆ ಒಮ್ಮೆ ಸುಮ್ಮನೆ ಕೂತು ಉಸಿರಾಟ ಗಮನಿಸಿ ಎಂದು ಹೇಳಿ ಕಳಿಸಿದರು. ನಮ್ಮವಳು ಸಂಜೆಯೂ ಕೂತಳು. ಸಾಲದ್ದಕ್ಕೆ, ಮಾಡಿದ್ದು ಸರಿಯೋ ತಪ್ಪೋ ಎಂದು ಮತ್ತೊಂದು ಚಿಂತೆ ಹಚ್ಚಿಕೊಂಡಳು.

"ನಾ ಮಾಡಿದ್ದ ಬರೋಬ್ಬರಿ ಐತಿಲ್ರಿ?" ಎಂದು ಮರು ಶನಿವಾರ ಕೇಳಿದಳು.

ನಫೀಸಾ ನಕ್ಕರು. "ಇದಕ್ಕ ಮಾರ್ಕ್ಸ್ ಇಲ್ರೀ ಟೀಚರ್. ಮುಂದಿನ ಸಲ ಏನರ ಒಂದ ಕೆಲಸ ಬೇಕಂತನ ಬಿಟ್ಟು ಬರ್ರಿ."

"ಬಿಟ್ರ ಮಂದಿ ಏನಂತಾರ್ರಿ?"

"ಏನಂತಾರ ನೋಡೂಣು."

ಮಂಗಲಕ್ಕ ನನ್ನನ್ನು ಎದೆಗೆ ಅವಚಿಕೊಂಡಳು. ತನ್ನ ಒಳಗು ಬಯಲಾದರೆ ಯಾರೂ ತನ್ನನ್ನು ನಂಬುವುದಿಲ್ಲ ಎಂಬುದೇ ಅವಳ ದೊಡ್ಡ ಹೆದರಿಕೆ.

ಅದೇ ತಿಂಗಳು ಮಹಡಿಯ ಮೇಲಿನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಶೈಲಾಳ ಬಸುರಿ ಮಗಳಿಗೆ ಕುಬಸದ ಸೀಮಂತ. ಇಂಥ ಊಟದಲ್ಲೆಲ್ಲ ಮಂಗಲಕ್ಕ ಎಲ್ಲರಿಗೂ ಬಡಿಸಿ ಕಡೇ ಪಂಕ್ತಿಯಲ್ಲಿ ಉಣ್ಣುವವಳು. ಈ ಸಲ ಮೊದಲ ಪಂಕ್ತಿಯಲ್ಲೇ ಕೂತಳು. ನಾನು ಅವಳ ತೊಡೆಯ ಮೇಲಿದ್ದೆ. ಹೋಳಿಗೆ ಬಂತು, ತುಪ್ಪ ಬರಲಿಲ್ಲ. ಅವಳ ಕೈ ನನ್ನೊಳಗೆ ಇಳಿಯಿತು.

"ಅಕ್ಕಾ, ತುಪ್ಪ ಎಲ್ಲೈತ್ರಿ? ಸ್ವಲ್ಪ ಎದ್ದು ನೋಡ್ರಿ," ಎಂದು ಶೈಲಾ ಕೂಗಿದಳು.

ಮಂಗಲಕ್ಕ ಅರ್ಧ ಎದ್ದಳು. ಮತ್ತೆ ಕೂತಳು.

"ನಾ ಏಳಂಗಿಲ್ಲ ಶೈಲಾ. ಎದಿ ಡವಡವ ಹೊಡ್ಕೊಳ್ಳಾಕತ್ತೈತಿ. ಭಾಳ ವರ್ಷದಿಂದ ಹಿಂಗ ಐತಿ. ಯಾರಿಗೂ ಹೇಳಿಲ್ಲ."

ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿತು. ನನಗಂತೂ ಜೀವ ಹೋದಂತಾಯಿತು. ಶೈಲಾ ಬಡಿಸುವ ಪಾತ್ರೆಯನ್ನು ನೆಲಕ್ಕಿಟ್ಟು ಪಕ್ಕದಲ್ಲೇ ಕುಕ್ಕರಿಸಿದಳು.

"ಮೊದ್ಲ ಯಾಕ ಹೇಳಲಿಲ್ರೀ ಅಕ್ಕಾ? ನಾವೇನು ಸತ್ತೀವೇನು?"

ಬೈಗುಳ ಅಷ್ಟು ಹಿತವಾಗಿರುತ್ತದೆಂದು ನನಗೆ ಅಂದೇ ತಿಳಿದದ್ದು. ಹೋಳಿಗೆ ತಿಂದಾದ ಮೇಲೆ ತುಪ್ಪ ಬಂತು. ಯಾರೂ ಏನೂ ಅನ್ನಲಿಲ್ಲ.

ಹೆದರಿಕೆ ಅಲ್ಲಿಗೇ ಹೋಗಿಬಿಟ್ಟಿತು ಅಂದರೆ ಸುಳ್ಳಾದೀತು. ಶನಿವಾರಗಳು ನಡೆದವು. ಕೆಲವು ದಿನ ಕೈ ಮತ್ತೆ ನನ್ನೊಳಗೆ ಬಂದು ಹಿಂಡಿತು. ಆದರೆ ನನ್ನ ಹೊಟ್ಟೆಯ ಸಾಮಾನು ಒಂದೊಂದೇ ಕಡಿಮೆಯಾಯಿತು. ಕೊನೆಗೆ ಅವಳು ಅಂಗೈಯಗಲದ ಪರ್ಸು ತಂದಳು. ನಾನು ಬಟ್ಟೆಯ ಕ್ಲಿಪ್ಪುಗಳನ್ನು ತುಂಬಿಕೊಂಡು ಹಿತ್ತಲ ತಂತಿಗೆ ಜೋತುಬಿದ್ದೆ. ಮೊದಲು ಸಿಟ್ಟು ಬಂತು. ಹಿತ್ತಲ ಬಾಗಿಲಲ್ಲಿ ಕೂತು ಅವಳು ನಿರುಮ್ಮಳವಾಗಿ ಚಹಾ ಕುಡಿಯುವುದನ್ನು ನೋಡನೋಡುತ್ತ ಸಿಟ್ಟು ಇಳಿಯಿತು.

ಮೊನ್ನೆ ಸಂಜೆ ಹಠಾತ್ತನೆ ಮಳೆ ಹೊಡೆಯಿತು.

"ಅಕ್ಕಾ, ಅರಿವಿ ತೊಯ್ಯಾಕತ್ತಾವ್ರಿ!" ಶೈಲಾ ಮೇಲಿನಿಂದ ಬೊಬ್ಬೆ ಹಾಕಿದಳು.

ಮಂಗಲಕ್ಕ ಕೂತಲ್ಲಿಂದ ಏಳಲಿಲ್ಲ. "ತೊಯ್ಲಿ ಬಿಡು. ಚಾ ಆರತೈತಿ, ಬಾ."

ಸೀರೆಗಳೆಲ್ಲ ತೊಯ್ದು ತೊಪ್ಪೆಯಾದವು. ಅವುಗಳ ಜೊತೆ ನಾನೂ. ರೆಕ್ಸಿನ್ನಿಗೆ ನೀರು ಒಳ್ಳೆಯದಲ್ಲ, ನಾನಿನ್ನು ಬಹಳ ದಿನ ಬಾಳಲಾರೆ. ಆದರೂ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಎಂದೂ ನೆನೆದಿರಲಿಲ್ಲ.